ಅಪ್ಪ ತರಲು ಹೋದ ಅಂಕಪಟ್ಟಿ

"ಎಂಟು ಲೆಕ್ಕ, ಎಂಟೂ ಸರಿ. ಆಮೇಲೆ ಎಂಟನ್ನೂ ನೀನೇ ಹೊಡೆದುಹಾಕಿದೀಯ. ಯಾಕೆ ಹೀಗೆ ಮಾಡ್ತಾಳೆ ಅಂತ ನಿಮ್ಮಮ್ಮನ್ನ ಕೇಳು," ಎನ್ನುತ್ತ ಹೆಡ್‌ಮಿಸ್ ಉತ್ತರಪತ್ರಿಕೆಯನ್ನು ಅಮ್ಮನ ಕಡೆಗೆ ತಿರುಗಿಸಿಟ್ಟರು.

ತನ್ನ ಮೇಲಿನ ದೂರನ್ನು ತಾನೇ ಅನುವಾದ ಮಾಡಬೇಕಾದ ಫಜೀತಿ ಹುಡುಗಿಗೆ. ಗಡಿ ದಾಟಿ ಬಂದು ಎಂಟು ತಿಂಗಳಾದರೂ ಇಲ್ಲಿನ ಭಾಷೆ ಅಮ್ಮನಿಗೆ ಕಬ್ಬಿಣದ ಕಡಲೆ. ಆಸ್ಪತ್ರೆಯಲ್ಲಿ, ಶಿಬಿರದ ಕಚೇರಿಯಲ್ಲಿ, ಅಂಗಡಿಯಲ್ಲಿ ಈ ಹದಿನೈದರ ಮಗಳು ಹೇಳಿದ್ದೇ ವೇದವಾಕ್ಯ.

"ಏನಂತೆ?"

"ಚೆನ್ನಾಗಿ ಓದ್ತೀನಂತೆ."

"ಅಷ್ಟಕ್ಕೆ ನನ್ನ ಲಾಂಡ್ರಿ ಕೆಲಸ ಬಿಡಿಸಿ ಕರೆಸಿದ್ರಾ? ನನ್ನ ಕಿವಿ ಮೇಲೆ ಹೂ ಇಡ್ಬೇಡ."

ಹೆಡ್‌ಮಿಸ್ ಮಾತು ಮುಂದುವರಿಸಿದರು. "ಹಳೇ ಶಾಲೆಯ ಅಂಕಪಟ್ಟಿ ಇದ್ದಿದ್ರೆ ಇವಳನ್ನ ಆರನೇ ಕ್ಲಾಸಲ್ಲಿ ಯಾಕೆ ಕೂರಿಸ್ತಿದ್ವಿ? ಅದು ನಿಜವಾಗ್ಲೂ ಕಳೆದುಹೋಯ್ತಾ, ಕೇಳು."

ಊರು ಬಿಟ್ಟ ದಿನ ಲಾರಿಯಲ್ಲಿ ಕೂತು, ಅಂಕಪಟ್ಟಿ ಮನೆಯಲ್ಲೇ ಉಳಿಯಿತೆಂದು ರಂಪ ಮಾಡಿದವಳು ಅವಳು. "ಹತ್ತೇ ನಿಮಿಷ, ಹೀಗೆ ಹೋಗಿ ಹಾಗೆ ಬಂದೆ," ಎಂದು ಅಪ್ಪ ಇಳಿದು ಹೋದರು. ಬೀದಿಯ ತುದಿಯಲ್ಲಿ ಗುಂಡಿನ ಸದ್ದು ಶುರುವಾದ ಮೇಲೆ ಲಾರಿಯವನು ಯಾರು ಕೂಗಿದರೂ ನಿಲ್ಲಿಸಲಿಲ್ಲ. ಮೂರನೇ ದಿನ ಶಿಬಿರದಲ್ಲಿ ತನ್ನ ಶಾಲೆಯ ಚೀಲ ಬರಿದು ಮಾಡಿದಾಗ ಅಂಕಪಟ್ಟಿ ಅಟ್ಲಾಸಿನ ಹಾಳೆಗಳ ನಡುವೆಯೇ ಇತ್ತು.

ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಚೀಲದ ಒಳಬಟ್ಟೆಗೆ ತೂರಿಸಿ ಹೊಲಿದುಬಿಟ್ಟಳು. ಅಪ್ಪನನ್ನು ನುಂಗಿದ ಕಾಗದ ತೋರಿಸಿ ಮೇಲಿನ ಕ್ಲಾಸಿಗೆ ಹೋಗಲು ಅವಳಿಗೆ ಮನಸ್ಸಾಗಲಿಲ್ಲ. ಹನ್ನೊಂದು ವರ್ಷದ ಮಕ್ಕಳ ನಡುವೆ ಮಂಡಿ ಮಡಿಸಿ ಕೂರುವುದೇ ತನಗೆ ತಕ್ಕದ್ದೆನಿಸಿತು. ಲೆಕ್ಕ ಸರಿ ಬಂದಾಗಲೆಲ್ಲ ಅದನ್ನು ಹೊಡೆದುಹಾಕಿದರೇ ಅವಳಿಗೆ ಸಮಾಧಾನ.

"ಅಂಕಪಟ್ಟಿ ಕೇಳ್ತಿದಾರೆ, ಅಲ್ವಾ?" ಎಂದಳು ಅಮ್ಮ. ತನ್ನ ಕೈಚೀಲದಿಂದ ಅದೇ ಪ್ಲಾಸ್ಟಿಕ್ ಕವರನ್ನು ಹೊರತೆಗೆದಳು.

ಹುಡುಗಿ ಕವರನ್ನು ಮುಟ್ಟಿ ನೋಡಿದಳು. "ಇದು... ನಿಂಗೆ ಯಾವಾಗ..."

"ಆರು ತಿಂಗಳಾಯ್ತು. ಚೀಲ ಒಗೆಯೋಕೆ ತಗೊಂಡಾಗ ಸಿಕ್ತು. ನಿನ್ನ ಸೊಟ್ಟ ಹೊಲಿಗೆ ಊರಲ್ಲಿ ದರ್ಜಿಯಾಗಿದ್ದವಳ ಕಣ್ಣಿಗೆ ಬೀಳಲ್ವಾ? ಮತ್ತೆ ಅಲ್ಲೇ ಇಟ್ಟು ಹೊಲಿದೆ. ಇವತ್ತು ಬೆಳಿಗ್ಗೆ ಬಿಚ್ಚಿ ತಂದೆ."

"ಯಾಕೆ ಏನೂ ಕೇಳ್ಲಿಲ್ಲ?"

ಅಮ್ಮ ಮೇಜಿನ ಅಂಚನ್ನೇ ನೋಡುತ್ತಿದ್ದಳು. "ಕೇಳಿದ್ರೆ ನನ್ನದನ್ನೂ ಹೇಳ್ಬೇಕಾಗಿತ್ತು. ಅವತ್ತು ಲಾರೀಲಿ ನೀನು ಮುಖ ಮುಚ್ಕೊಂಡು ಅಳ್ತಿದ್ದೆ, ನಿಂಗೆ ಕೇಳಿಸ್ಲಿಲ್ಲ. ಹೋಗೋದು ಹೇಗೂ ಹೋಗ್ತಿದೀರ, ನನ್ನ ಹೊಲಿಗೆ ಮಷೀನಿನ ತಲೇನೂ ಬಿಚ್ಕೊಂಡು ಬನ್ನಿ ಅಂತ ನಿಮ್ಮಪ್ಪಂಗೆ ಕೂಗಿ ಹೇಳ್ದೆ. ಕಾಗದ ಹುಡುಕೋಕೆ ಎಷ್ಟೊತ್ತು ಬೇಕು? ಸಿಗ್ದಿದ್ರೆ ಬಂದ್ಬಿಡ್ತಿದ್ರು. ಆ ತುಕ್ಕು ಹಿಡಿದ ನಟ್ಟು ಬಿಚ್ತಾ ಕೂತಿರ್ತಾರೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ತಪ್ಪು ನಿನ್ನ ಮೇಲೇ ಇರ್ಲಿ ಅಂತ ಸುಮ್ನಿದ್ದೆ ಕಣೇ. ನೀನು ಊಟ ಬಿಟ್ಟಾಗ್ಲೂ ಸುಮ್ನಿದ್ದೆ."

ತಪ್ಪು ತನ್ನೊಬ್ಬಳದೇ ಅಲ್ಲ ಎಂದು ಕೇಳಿದೊಡನೆ ಹುಡುಗಿಯ ಎದೆ ಹಗುರವಾಯಿತು. ಹೆತ್ತವಳು ಎದುರಿಗೆ ಅಳುತ್ತಿರುವಾಗ ಹಗುರವಾಯಿತಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಅಮ್ಮನನ್ನು ಬೈಯಬೇಕೆನಿಸಿತು, ತಬ್ಬಿಕೊಳ್ಳಬೇಕೆನಿಸಿತು.

"ಅಷ್ಟೊತ್ತು ಏನು ಹೇಳಿದ್ರು?" ಹೆಡ್‌ಮಿಸ್ ಮೆಲ್ಲಗೆ ಕೇಳಿದರು.

"ಅಂಕಪಟ್ಟಿ ಸಿಕ್ತಂತೆ, ಮೇಡಂ."

"ಎಲ್ಲಾ ಹೇಳಿದ್ಯಾ?" ಎಂದಳು ಅಮ್ಮ.

"ಹೇಳ್ದೆ."

ಹೆಡ್‌ಮಿಸ್ ಕೈ ಚಾಚಿದರು. ಅಮ್ಮ ಅಂಕಪಟ್ಟಿಯನ್ನು ಕವರಿನಿಂದ ತೆಗೆದಳು, ಆದರೆ ಕೊಡಲಿಲ್ಲ. ಕೆಳಗಿನ ಮೂಲೆಯಲ್ಲಿ ಪಾಲಕರ ಸಹಿ ಎಂದಿದ್ದ ಕಡೆ ಅವಳ ಹೆಬ್ಬೆರಳು ಊರಿಕೊಂಡಿತ್ತು. ಅದರಡಿಯಿಂದ ಅಪ್ಪನ ಹೆಸರಿನ ಕೊನೆಯ ಅಕ್ಷರದ ಬಾಲವಷ್ಟೇ ಕಾಣುತ್ತಿತ್ತು.

ಹುಡುಗಿ ಆ ಹೆಬ್ಬೆರಳನ್ನು ನಿಧಾನವಾಗಿ ಎತ್ತಿ ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡಳು. ಇನ್ನೊಂದು ಕೈಯಿಂದ ಕಾಗದವನ್ನು ಮೇಜಿನ ಆಚೆಗೆ ಸರಿಸಿದಳು.