ಅತ್ತೆಗೆ ಕೇಳಿಸಿದ ನೀರು

ಅತ್ತೆಗೆ ಕಿವಿ ಕೇಳಿಸುತ್ತಿರಲಿಲ್ಲ. ಕುಕ್ಕರ್ ಕೂಗಿದರೂ ಬಾಗಿಲು ಬಡಿದರೂ ತಮ್ಮ ಪಾಡಿಗೆ ತಾವು ಕೂತಿರುತ್ತಿದ್ದರು. ಎಡಗಿವಿಗೆ ಬಾಯಿಟ್ಟು ಕೂಗಿದರೆ ಮಾತ್ರ ನಾಲ್ಕು ಮಾತು ಒಳಗಿಳಿಯುತ್ತಿತ್ತು. ಅಂಥವರು ಒಂದು ಮಧ್ಯಾಹ್ನ ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿ, "ನಲ್ಲಿ ನಿಲ್ಲಿಸಿ ಬಾರಮ್ಮ, ನೀರು ಸುಮ್ನೆ ಹೋಗ್ತಿದೆ" ಎಂದಾಗ ಸೊಸೆಗೆ ನಗು ಬಂತು.

ಆದರೂ ಎದ್ದು ನೋಡಿದಳು. ಅಡುಗೆಮನೆಯಲ್ಲಿ, ಬಚ್ಚಲಲ್ಲಿ, ಹಿತ್ತಲಲ್ಲಿ ಎಲ್ಲ ನಲ್ಲಿಗಳೂ ಬಿಗಿಯಾಗಿದ್ದವು. ಇಲ್ಲವೆಂದು ಕೈಯಾಡಿಸಿದಳು. ಅತ್ತೆ ಎದ್ದು ಮಲಗುವ ಕೋಣೆಗೆ ಹೋಗಿ, ಮಂಚದ ತಲೆಯ ಕಡೆಯ ಗೋಡೆಗೆ ಅಂಗೈ ಒತ್ತಿ ನಿಂತರು.

"ಇಲ್ಲಿದೆ. ಕೆಳಗಿಂದ ಮೇಲಕ್ಕೆ ಹೋಗ್ತಿದೆ."

ಮಂಚದ ಮೇಲೆ ಅತ್ತೆಯ ಮಗ ಮಲಗಿದ್ದ. ಬೇಕರಿಯಲ್ಲಿ ಅವನಿಗೆ ರಾತ್ರಿ ಪಾಳಿ. ಊರು ಎದ್ದಾಗ ಅವನಿಗೆ ನಿದ್ದೆ. ಮುಸುಕೆಳೆದುಕೊಂಡು, "ಕುಕ್ಕರ್ ಕೇಳ್ಸಲ್ಲ, ಗೋಡೆ ಕೇಳ್ಸುತ್ತಂತೆ" ಎಂದು ಗೊಣಗಿದ.

ಅಂದಿನಿಂದ ಅತ್ತೆ ಆ ಗೋಡೆಯ ಬಳಿಯೇ ಠಿಕಾಣಿ ಹೂಡಿದರು. ಒಂದು ದಿನ, ಒಳಗೆ ಯಾರೋ ಬಟ್ಟೆ ಜಾಲಿಸುತ್ತಿದ್ದಾರೆ ಎಂದರು. ಇನ್ನೊಂದು ದಿನ ತಟ್ಟೆ ಮುಂದಿದ್ದರೂ ಊಟ ಮಾಡದೆ, "ಈಗ ಮಾತಾಡ್ತಿದಾರೆ. ಏನಂತ ತಿಳೀತಿಲ್ಲ" ಎಂದರು. ಸೊಸೆಯ ಮೈ ಜುಮ್ಮೆಂದಿತು. ಪ್ಲಂಬರನನ್ನು ಕರೆಸಿದಳು.

ಅವನು ನಲ್ಲಿಗಳನ್ನೆಲ್ಲ ಮುಚ್ಚಿಸಿ, ಗೇಟಿನ ಹತ್ತಿರದ ಮೀಟರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. "ಮುಳ್ಳು ಅಲ್ಲಾಡ್ತಿಲ್ಲಮ್ಮ. ಅಂದ್ರೆ ನೀರು ಎಲ್ಲೂ ಸೋರ್ತಿಲ್ಲ. ಆ ಗೋಡೇಲಿ ಪೈಪೇ ಇಲ್ಲ."

ಅತ್ತೆ ಅವನ ತುಟಿಗಳನ್ನೇ ನೋಡುತ್ತಿದ್ದರು. "ಪಾಪ, ಇವನಿಗೂ ಕಿವಿ ಮಂದ" ಎಂದರು.

ಕೆಲವು ದಿನಗಳ ಮೇಲೆ ಅದೇ ಗೋಡೆಗೆ ಒರಗಿದ್ದ ಬೀರುವಿನಿಂದ ಹೊದಿಕೆ ತೆಗೆಯಲು ಹೋದ ಸೊಸೆಯ ಮೂಗಿಗೆ ಮುಗ್ಗಲು ವಾಸನೆ ಬಡಿಯಿತು. ಬೀರುವನ್ನು ಮುಂದಕ್ಕೆಳೆದಳು. ಅದರ ಬೆನ್ನ ಹಲಗೆ ನೆನೆದ ಬ್ರೆಡ್ಡಿನಂತಾಗಿತ್ತು. ಒತ್ತಿದರೆ ಬೆರಳು ಒಳಗೆ ಹೋಯಿತು. ಗೋಡೆಯ ಬಣ್ಣ ಬೊಬ್ಬೆಯೆದ್ದು, ಸುತ್ತ ಉಪ್ಪಿನ ಹಾಗೆ ಬಿಳಿ ಪುಡಿ ಕಟ್ಟಿತ್ತು. ಒಂದು ಬೊಬ್ಬೆಯನ್ನು ಉಗುರಿನಿಂದ ಮೀಟಿದಳು. ತಣ್ಣನೆಯ ನೀರು ಮುಂಗೈವರೆಗೆ ಹರಿಯಿತು. ಮಳೆ ನಿಂತು ತಿಂಗಳುಗಳೇ ಆಗಿದ್ದವು.

ದೀಪ ಹಾಕಲು ಸ್ವಿಚ್ಚಿಗೆ ಕೈಯಿಟ್ಟರೆ ಜುಮುಜುಮು ಎಂದಿತು. ಓಡಿಹೋಗಿ ಮೇನ್ ಸ್ವಿಚ್ ಇಳಿಸಿದಳು. ಬಟ್ಟೆಬರೆಯನ್ನೆಲ್ಲ ನಡುಮನೆಗೆ ಸಾಗಿಸಿ ಪ್ಲಂಬರನಿಗೆ ಫೋನ್ ಮಾಡಿದಳು. ನಾಳೆ ಗಾರೆಯವನನ್ನೂ ಕರೆತರುತ್ತೇನೆ ಎಂದು ಅವನು ಹೇಳಿದ.

ಮರುದಿನ ಬೆಳಿಗ್ಗೆ ಮಗ ಬೇಕರಿಯಿಂದ ಬಂದವನು, ಬೇಡವೆಂದರೂ ಕೇಳದೆ, ಅದೇ ಮಂಚದ ಮೇಲೆ ಬಿದ್ದುಕೊಂಡ. ಕೂದಲಿಗೆ ಮೆತ್ತಿದ ಮೈದಾ ಹಾಗೇ ಇತ್ತು. ಅತ್ತೆ ಕೋಣೆಗೆ ಬಂದು ಗೋಡೆಗೆ ಕೈಯಿಟ್ಟರು. ಆಕೆಯ ಮುಖ ಬಿಳಿಚಿಕೊಂಡಿತು.

"ಏಳೋ. ಅದು ನಿನ್ನ ಹೆಸರು ಹಿಡಿದು ಕರೀತಿದೆ."

"ಅಮ್ಮ, ನಿದ್ದೆ ಮಾಡೋಕೆ ಬಿಡು."

ಅತ್ತೆ ಅವನ ಕಾಲು ಹಿಡಿದು ಎಳೆಯತೊಡಗಿದರು. ಸೊಸೆ ಓಡಿಬಂದು ದಿಂಬು ಕಿತ್ತುಕೊಂಡಳು. "ಏಳ್ರಿ, ಅವರ ಸಮಾಧಾನಕ್ಕಾದ್ರೂ ಏಳಿ."

ಅವನು ಬೈದುಕೊಳ್ಳುತ್ತಲೇ ನಡುಮನೆಗೆ ಬಂದು ಚಾಪೆ ಬಿಡಿಸಿದ. ಇನ್ನೂ ತಲೆಯೂರಿರಲಿಲ್ಲ, ಒಳಗೆ ಮನೆಯೇ ಕುಸಿದಂತೆ ಸದ್ದಾಯಿತು. ಗೋಡೆಯ ಮೇಲರ್ಧ, ಇಟ್ಟಿಗೆ ಗಾರೆಯ ಸಮೇತ, ಮಂಚದ ಮೇಲೆ ಬಿದ್ದಿತ್ತು. ಮಗ ಎದ್ದು ಕೋಣೆಯ ಬಾಗಿಲಿಗೆ ಓಡಿದ. ನೀರು ಕೇಳಿಸಿದ್ದ ಅತ್ತೆ ಈ ಸದ್ದಿಗೆ ತಲೆಯೆತ್ತಲೂ ಇಲ್ಲ. ನಡುಮನೆಯಲ್ಲಿ ಬೆನ್ನು ತಿರುಗಿಸಿ ಅವನ ಹೊದಿಕೆ ಕೊಡವುತ್ತಿದ್ದರು.

ಸೊಸೆ ಆಕೆಯ ಎಡಗಿವಿಗೆ ಬಾಗಿ ಕೇಳಿದಳು: "ಯಾರ ದನಿ ಅತ್ತೆ?"

"ಗೊತ್ತಾಗ್ಲಿಲ್ಲ. ಮನೆಯವರೇ ಕರೆದ ಹಾಗಿತ್ತು."

ಗಾರೆಯವನು ಅವಶೇಷ ಸರಿಸಿದಾಗ ಗುಟ್ಟು ಬಯಲಾಯಿತು. ತಾರಸಿಯ ಮಳೆನೀರು ಇಳಿಯುವ ಹಳೆಯ ಕೊಳವೆಯನ್ನು ಹಿಂದೆ ಯಾರೋ ಗೋಡೆಯೊಳಗೆ ಸೇರಿಸಿ, ಬುಡಕ್ಕೆ ಸಿಮೆಂಟು ಮೆತ್ತಿ ಮುಚ್ಚಿದ್ದರು. ಮೇಲಿನ ಬಾಯಿ ಮಾತ್ರ ತರಗೆಲೆಯಡಿ ತೆರೆದೇ ಇತ್ತು. ಮಳೆ ಬಂದಾಗಲೆಲ್ಲ ಅದು ತುಂಬುತ್ತ, ಬಿರುಕಿನಿಂದ ಗೋಡೆ ಮೆಲ್ಲಗೆ ಕುಡಿಯುತ್ತ ಬಂದಿತ್ತು.

"ಅತ್ತೆಗೆ ಕೇಳಿಸಿದ್ದು ಇದೇನಾ?" ಎಂದಳು ಸೊಸೆ.

ಪ್ಲಂಬರ್ ಕೈ ಒರೆಸಿಕೊಳ್ಳುತ್ತ ಕೊಳವೆಯೊಳಗೆ ಬಗ್ಗಿ ನೋಡಿದ. "ಇದು ನಿಂತ ನೀರಮ್ಮ. ನಿಂತ ನೀರು ಸದ್ದು ಮಾಡಲ್ಲ." ಅವಳು ಚಹಾ ತರುವಷ್ಟರಲ್ಲಿ ಅವನು ಹೊರಟುಹೋಗಿದ್ದ.

ಹೊಸ ಗೋಡೆ ಎದ್ದಿತು. ಚೆನ್ನಾಗಿ ಒಣಗುವವರೆಗೆ ಬಣ್ಣ ಹಚ್ಚಿಸದೆ, ಕಿಟಕಿ ತೆರೆದಿಟ್ಟು ಕಾದರು. ಹೊಸ ಕೊಳವೆಯನ್ನು ಮನೆಯ ಹೊರಗೆ, ಎಲ್ಲರಿಗೂ ಕಾಣುವಂತೆ ಇಳಿಸಿದರು. ಮಳೆಗಾಲಕ್ಕೆ ಮುಂಚೆ ಸೊಸೆ ತಾರಸಿ ಹತ್ತಿ, ಎಲೆ ಗುಡಿಸಿ, ಒಂದು ಬಕೆಟ್ ನೀರು ಸುರಿದು ನೋಡಿದಳು. ಕೆಳಗೆ ಅತ್ತೆ ಕೊಳವೆಗೆ ಅಂಗೈ ಒತ್ತಿ ನಿಂತಿದ್ದರು. ಸೊಸೆ ಮೇಲಿಂದಲೇ ಏನೆಂದು ಕೈಸನ್ನೆ ಮಾಡಿದಳು.

ಅತ್ತೆ ಬಹಳ ಹೊತ್ತು ಕೈ ತೆಗೆಯಲಿಲ್ಲ.

"ನೀರು" ಎಂದರು ಕೊನೆಗೆ. "ಬರೀ ನೀರು. ಇಳಿದು ಬಾ, ಬಿಸಿಲು ಜಾಸ್ತಿಯಾಗ್ತಿದೆ."