ಹನ್ನೆರಡು ಗಂಟೆಯ ಹನಿ

ತೀರಿಕೊಂಡ ಅಮ್ಮನ ತಲೆಗೂದಲಿನ ಸಿಕ್ಕು ಬಿಡಿಸುತ್ತಿದ್ದ ಮಗಳು, ಅಮ್ಮ ದುಡಿಯುತ್ತಿದ್ದ ಪ್ರಯೋಗಾಲಯದವರೆಲ್ಲ ಒಟ್ಟಿಗೇ ಒಳಬಂದದ್ದನ್ನು ಕಂಡು ಬಾಚಣಿಗೆ ಕೆಳಗಿಟ್ಟಳು.

"ಎಲ್ಲರೂ ಇಲ್ಲೇ ಬಂದುಬಿಟ್ರೆ ಹನ್ನೆರಡಕ್ಕೆ ಹನಿ ಯಾರು ಹಾಕ್ತಾರೆ?"

ಪ್ರಯೋಗಾಲಯ ನಡೆಸುವ ಮೇಡಂ ಕಣ್ಣೊರೆಸಿಕೊಂಡರು. "ಇವತ್ತು ಬೇಡಮ್ಮ. ಹೋದ ತಿಂಗಳದ್ದು ಫ್ರೀಜರಿನಲ್ಲಿದೆ, ಅಲ್ಲಿಂದ ಮತ್ತೆ ಶುರು ಮಾಡಿದ್ರಾಯ್ತು."

"ಈ ತಿಂಗಳು ಅಮ್ಮ ಬೆಳೆಸಿದ್ದು?"

"ಹೋಗುತ್ತೆ. ಏನ್ಮಾಡೋದು? ಒಂದು ತೊಟ್ಟು ಕಣ್ಣೀರು ಬಿದ್ರೂ ಅದು ಕೆಡುತ್ತೆ. ನಮ್ಮ ಸ್ಥಿತಿ ನೋಡು."

"ನಾನಿನ್ನೂ ಅತ್ತಿಲ್ಲ. ನಾನು ಹಾಕ್ತೀನಿ."

"ಹೆತ್ತವಳನ್ನ ಮಲಗಿಸಿಕೊಂಡು ಇದೇನೇ ನಿನ್ನ ಮಾತು!" ಚಿಕ್ಕಮ್ಮ ಗದರಿದಳು. "ಎರಡಕ್ಕೆ ಗಾಡಿ ಬರುತ್ತೆ."

"ಅಷ್ಟರೊಳಗೆ ಬರ್ತೀನಿ ಚಿಕ್ಕಮ್ಮ. ಅಮ್ಮ ಇದ್ದಿದ್ರೆ ಇಷ್ಟು ಹೊತ್ತಿಗೆ ಚಪ್ಪಲಿ ಮೆಟ್ಟಿರೋಳು."

*

ಮಗಳು ಹತ್ತು ವರ್ಷದವಳಿದ್ದಾಗ ಪ್ರಯೋಗಾಲಯಕ್ಕೆ ಹೋಗಿ ಮುಖ ಊದಿಸಿಕೊಂಡು ನಿಂತಿದ್ದಳು.

"ಭಾನುವಾರವೂ ಬಿಡಲ್ವಲ್ಲ, ಈ ನಳಿಕೆಯೇನು ನಿನ್ನ ಹಿರಿಮಗಳಾ?"

ಗಾಜು ತೊಳೆಯಲು ಸೇರಿ, ನೋಡಿ ನೋಡಿ ಕೆಲಸ ಕಲಿತಿದ್ದ ಅಮ್ಮ ನಕ್ಕಳು. "ಇದು ಆರ್‌ಎನ್‌ಎ ಕಣೇ. ಜೀವ ಇಲ್ಲ. ಆದ್ರೂ ಬೇಕಾದ್ದು ಒದಗಿಸಿದ್ರೆ ತನ್ನಂಥದ್ದೇ ಇನ್ನೊಂದಾಗುತ್ತೆ. ಭೂಮಿ ಮೇಲೆ ಜೀವ ಅನ್ನೋದು ಹೀಗೇ ಶುರುವಾಗಿರಬಹುದಂತೆ. ಊಟ ಮುಗಿದ್ರೆ ಚೂರಾಗುತ್ತೆ. ಅದಕ್ಕೇ ದಿನಾ ಒಂದು ಹನಿ ಹೊಸ ನಳಿಕೆಗೆ."

"ಅಚ್ಚು ಹಾಕಿದ ಹಾಗೆ ಅದೇ ಬರುತ್ತಾ?"

"ಎಲ್ಲಿ ಬರುತ್ತೆ! ತಪ್ಪು ಮಾಡ್ತಾನೇ ಇರುತ್ತೆ. ಮುಕ್ಕಾಲು ತಪ್ಪು ಅಲ್ಲೇ ಮಣ್ಣುಪಾಲು. ಎಲ್ಲೋ ಒಂದು, ಹೆತ್ತದ್ದಕ್ಕಿಂತ ಚುರುಕು. ಬಾಯಿಯಂತೂ ಇನ್ನೂ ಜೋರು."

ಮಗಳು ನಗಲಿಲ್ಲ. ಆದರೆ ಅಮ್ಮ ಕೈಗೆ ಕೊಟ್ಟ ಪಿಪೆಟ್ಟಿನಿಂದ ಸಂಜೆಯವರೆಗೂ ಬರಿನೀರಿನ ಹನಿ ಬಿಡುವುದನ್ನು ಕಲಿತಳು.

*

ಪ್ರಯೋಗಾಲಯ ಮುಟ್ಟಿದಾಗ ಹನ್ನೆರಡಕ್ಕೆ ಐದು ನಿಮಿಷವಿತ್ತು. ಕೈಗವಸು, ಮುಖಗವಸು ಹಾಕಿಕೊಂಡಳು. ಐದು ವರ್ಷ ಸೂಜಿಗೆ ದಾರ ಪೋಣಿಸಿ ಹೊಟ್ಟೆ ಹೊರೆದಿದ್ದ ಕೈ ಅಲುಗಲಿಲ್ಲ. ನಿನ್ನೆಯ ನಳಿಕೆಯಿಂದ ಒಂದು ಹನಿ ಎತ್ತಿದಳು. ಅದನ್ನು ಹೊಸ ನಳಿಕೆಯ ಬಾಯಿಗೆ ಹಿಡಿದು ನಿಂತಳು.

"ಮಗಾ, ಬೇಕಾದ್ರೆ ಬಿಟ್ಬಿಡು," ಎಂದರು ಮೇಡಂ ಬಾಗಿಲಿನಿಂದ.

ಬೇಡವೆಂದು ತಲೆಯಾಡಿಸಿ, ಹನಿ ಬಿಟ್ಟಳು. ಮುಚ್ಚಳ ಒತ್ತಿ, ನಳಿಕೆಯನ್ನು ಬೆಚ್ಚಗಿನ ಗೂಡಿನಲ್ಲಿಟ್ಟಳು.

ಮೇಡಂ ದಿನಚರಿ ಪುಸ್ತಕ ಮುಂದಿಟ್ಟರು. ಪುಟದ ತುಂಬ ಅಮ್ಮನ ದುಂಡು ಅಂಕಿಗಳು, ದಿನದ ಹನಿಗೊಂದು ಸಂಖ್ಯೆ. ಕೊನೆಯದು ನಾಲ್ಕು ಸಾವಿರದ ಇನ್ನೂರ ಹದಿನಾರು. ಅದರ ಕೆಳಗೆ, ನಿಧಾನವಾಗಿ, ಅವಳು ಮುಂದಿನ ಸಂಖ್ಯೆ ಬರೆದಳು. ನಾಲ್ಕು, ಎರಡು, ಒಂದು ಅಮ್ಮ ಬರೆದಂತೆಯೇ ಬಂದವು. ಏಳರ ಬಾಲ ಮಾತ್ರ ಸ್ವಲ್ಪ ಉದ್ದವಾಗಿ, ಗೆರೆ ದಾಟಿ ಖಾಲಿ ಸಾಲಿಗೆ ಇಳಿಯಿತು.