ಖಾಲಿ ಬಿಟ್ಟ ಸರದಿ

ಬದುಕಿರುವ ಮನುಷ್ಯನ ಫೋಟೋಗೆ ಹಾರ ಹಾಕಿ, ಹಣೆಗೆ ಕುಂಕುಮ ಇಟ್ಟು, ಮುಂದೆ ದೀಪ ಹಚ್ಚಿದ್ದನ್ನು ನೀವು ಯಾವತ್ತಾದರೂ ಕಂಡಿದ್ದೀರಾ? ನಾನು ಕಂಡೆ. ಅದೂ ನನ್ನ ಗಂಡನ ಫೋಟೋ. ಸ್ಕಂದಗಿರಿಯ ಬುಡದ ಕಳವಾರದಲ್ಲಿ, ಹಾಡುಹಗಲಲ್ಲಿ, ಹತ್ತಾರು ಜನರ ಮುಂದೆ. ಅವತ್ತು ನನ್ನ ಎದೆ ಧಸಕ್ಕೆಂದದ್ದು ಇನ್ನೂ ಪೂರ್ತಿ ಸರಿಹೋಗಿಲ್ಲ.

ನಮ್ಮ ಯಜಮಾನರು ರೇಷ್ಮೆ ಇಲಾಖೆಯಲ್ಲಿ ಗುಮಾಸ್ತರಾಗಿದ್ದರು. ಹಗಲೆಲ್ಲ ಬೆಂಗಳೂರಿನ ಆಫೀಸಿನಲ್ಲಿ ಕೆಲಸ, ಸಂಜೆಯಾದರೆ ಕಂಟೋನ್ಮೆಂಟಿನ ಹೋಟೆಲೊಂದರಲ್ಲಿ ಸ್ಯಾಕ್ಸೋಫೋನ್. ಜಾಝ್ ಸಂಗೀತವಂತೆ. ಅದೇನೆಂದು ನನ್ನನ್ನು ಕೇಳಬೇಡಿ. ಮದುವೆಯಾದಾಗಿನಿಂದ ಕೇಳುತ್ತಿದ್ದರೂ ಅದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದು ನನ್ನ ತಲೆಗೆ ಹತ್ತಿಲ್ಲ. ಒಂದು ಮಾತ್ರ ಗೊತ್ತು. ನುಡಿಸುವವರಲ್ಲಿ ಒಬ್ಬೊಬ್ಬರಿಗೂ ಒಂದು ಸರದಿ ಬರುತ್ತದೆ. ತನ್ನ ಸರದಿಯಲ್ಲಿ ಅವನು ಮನಸ್ಸಿಗೆ ತೋಚಿದ್ದನ್ನು ನುಡಿಸಬಹುದು, ಉಳಿದವರು ಹಿಂದೆ ಮೆಲ್ಲಗೆ ತಾಳ ಹಿಡಿದಿರಬೇಕು.

ಅವರದು ನಾಲ್ವರ ತಂಡ. ಟ್ರಂಪೆಟ್ ಊದಲು ಆವುಲಪ್ಪ, ಡ್ರಮ್ಮಿಗೆ ಮುನಿಗಂಗಪ್ಪ, ಪಿಯಾನೋಗೆ ಮಧುಸೂದನ್, ಸ್ಯಾಕ್ಸೋಫೋನಿಗೆ ಇವರು. ಎಲ್ಲರೂ ನಮ್ಮ ಚಿಂತಾಮಣಿ, ಶಿಡ್ಲಘಟ್ಟದ ಕಡೆಯವರೇ, ಹುಡುಗರಾಗಿದ್ದಾಗ ಬ್ಯಾಂಡ್‌ಸೆಟ್ಟಿನಲ್ಲಿ ಮದುವೆ ಮೆರವಣಿಗೆಗಳಿಗೆ ನುಡಿಸಿದವರೇ. ಬೆಂಗಳೂರಿನ ಜಾಝ್ ಜನ ಇವತ್ತಿಗೂ ಆ ಹೆಸರುಗಳನ್ನು ಎತ್ತಿದರೆ ಗೌರವದಿಂದ ಕಿವಿ ಮುಟ್ಟಿಕೊಳ್ಳುತ್ತಾರೆ. ಅವರಲ್ಲಿ ಮೂವರು ಈಗಿಲ್ಲ. ಆವುಲಪ್ಪನನ್ನು ಸಕ್ಕರೆ ಕಾಯಿಲೆ ತಿಂದುಹಾಕಿತು, ಮುನಿಗಂಗಪ್ಪನನ್ನು ಕೊರೋನಾ ಕೊಂಡೊಯ್ದಿತು. ಮಧುಸೂದನ್ ಅವರದು ಹೃದಯದ ಆಪರೇಷನ್. ಸ್ಟ್ರೆಚರ್ ಮೇಲೆ ನಗುನಗುತ್ತಾ, ಎಲ್ಲರಿಗೂ ಕೈಬೀಸಿ ಹೋದ ಮನುಷ್ಯ, ಎದ್ದು ಬರಲಿಲ್ಲ. ಅವತ್ತು ಆಸ್ಪತ್ರೆಯಲ್ಲಿ ಅವರ ಹೆಂಡತಿ ರಾಧಾಮಣಿಯ ಜೊತೆ ಕಾದು ಕೂತಿದ್ದವರು ನಮ್ಮ ಯಜಮಾನರೇ.

ಈಗ ಅದೇ ಆಪರೇಷನ್ ಇವರಿಗೂ ಆಗಬೇಕು. ಹೃದಯದ ವಾಲ್ವ್ ಹಾಳಾಗಿದೆ, ತಡಮಾಡಿದಷ್ಟೂ ಕಷ್ಟ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಇವರೋ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತನ್ನು ತೇಲಿಸಿಬಿಡುತ್ತಿದ್ದರು. ನೋಡೋಣ ಬಿಡು ಎಂದರು. ಉಗಾದಿ ಕಳೆಯಲಿ ಎಂದರು. ಹಳೇ ವಾದ್ಯ ಕಣೇ, ರಿಪೇರಿಗೆ ಬಿಚ್ಚಿದರೆ ಜೋಡಿಸಕ್ಕಾಗಲ್ಲ ಎಂದು ಜೋಕು ಬೇರೆ. ನಾನು ಅತ್ತೆ, ಬೈದೆ, ಎರಡು ಹೊತ್ತು ಊಟ ಬಿಟ್ಟೆ. ರಿಟೈರಾದ ಮೇಲೆ ನಾವು ಬಂದು ನೆಲೆಸಿದ ಮಂಚೇನಹಳ್ಳಿಯ ಬೀದಿಯವರೆಲ್ಲ ಬಂದು ಬುದ್ಧಿ ಹೇಳಿದರು. ಕಲ್ಲಿನ ಮೇಲೆ ನೀರು ಸುರಿದ ಹಾಗಾಯಿತು.

ಇಂಥ ಹೊತ್ತಿನಲ್ಲಿ ಹರಿತಾ ಬಂದಳು. ಕಳವಾರದ ರೇಷ್ಮೆ ಬೆಳೆಗಾರರ ಮಗಳು, ಮುನಿಗಂಗಪ್ಪನ ಹತ್ತಿರವೇ ಡ್ರಮ್ ಕಲಿತವಳು. ಹೋದ ಮೂವರ ನೆನಪಿಗೆ ಒಂದು ಆಲ್ಬಮ್ ಮಾಡುತ್ತೇವೆ, ಸ್ಟುಡಿಯೋದಲ್ಲಿ ತುಂಡು ತುಂಡಾಗಿ ಅಲ್ಲ, ಜನರನ್ನು ಎದುರಿಗೆ ಕೂರಿಸಿಕೊಂಡು ಲೈವ್ ನುಡಿಸುತ್ತೇವೆ, ಮಾಸ್ಟ್ರು ಬರಲೇಬೇಕು ಎಂದಳು. ನಾನು ಅಡುಗೆಮನೆಯಿಂದಲೇ ಆಗುವುದಿಲ್ಲ ಎಂದೆ. ಇವರು ಆಗಲೇ ವಾದ್ಯದ ಪೆಟ್ಟಿಗೆ ತೆಗೆದಿದ್ದರು. ಊದಬಾರದು ಎಂದು ಡಾಕ್ಟರು ಹೇಳಿರಲಿಲ್ಲವಂತೆ, ಊದಬಹುದು ಎಂದೂ ಹೇಳಿರಲಿಲ್ಲ ಎಂದು ನಾನು ಜಗಳವಾಡಿದೆ. ಕೊನೆಗೆ, ಇದು ಮುಗಿದ ಮೇಲೆ ಆಪರೇಷನ್ ವಿಷಯ ಮಾತಾಡೋಣ ಎಂದರು. ಆ ಒಂದು ಮಾತಿಗೆ ಜೋತುಬಿದ್ದು ನಾನೂ ಹೊರಟೆ.

ರೆಕಾರ್ಡಿಂಗ್ ಇದ್ದದ್ದು ಹರಿತಾಳ ಮನೆಯವರ ರೇಷ್ಮೆ ಹುಳುಮನೆಯಲ್ಲಿ. ರೇಷ್ಮೆಗೂಡು ಮಾರ್ಕೆಟ್ಟಿಗೆ ಹೋದ ಮೇಲೆ, ಮುಂದಿನ ಬೆಳೆಗೆ ಹುಳು ತರುವ ತನಕ ಅದು ಖಾಲಿ. ಗೋಡೆಯುದ್ದಕ್ಕೂ ಹುಳು ಸಾಕುವ ಸ್ಟ್ಯಾಂಡುಗಳಿರುವುದರಿಂದ ದನಿ ಮಾರ್ದನಿಸುವುದಿಲ್ಲ, ಸ್ಟುಡಿಯೋಗಿಂತ ಚೆನ್ನಾಗಿದೆ ಎಂದು ಹರಿತಾಳ ಜೊತೆ ನುಡಿಸಲು ಬಂದಿದ್ದ ಬೆಂಗಳೂರಿನ ಹುಡುಗರು ಹೊಗಳುತ್ತಿದ್ದರು. ವಾರದ ನಡುವಿನ ದಿನ ನೋಡಿ ಇಟ್ಟುಕೊಂಡಿದ್ದರು, ಇಲ್ಲದಿದ್ದರೆ ಬೆಟ್ಟ ಹತ್ತುವವರ ಬೈಕಿನ ಸದ್ದು. ಹುಳುಮನೆಗೆ ಬ್ಲೀಚಿಂಗ್ ಹೊಡೆದು ತೊಳೆದಿದ್ದರು. ಬಾಗಿಲು ದಾಟಿದ ಕೂಡಲೇ ಆಸ್ಪತ್ರೆಯ ವಾಸನೆ ಮೂಗಿಗೆ ಬಡಿದು, ನನಗೆ ಅಲ್ಲಿಂದಲೇ ವಾಪಸ್ ಓಡೋಣ ಅನ್ನಿಸಿತು.

ವೇದಿಕೆಯ ಹಿಂದೆ ಹಳೆಯ ತಂಡದ ನಾಲ್ಕು ಫೋಟೋ, ಒಂದೇ ಅಳತೆಯವು, ಎಲ್ಲವೂ ಕಪ್ಪು ಬಿಳುಪು. ನಾಲ್ಕಕ್ಕೂ ಸೇವಂತಿಗೆ ಹಾರ. ನಾಲ್ಕಕ್ಕೂ ಕುಂಕುಮ. ನಾಲ್ಕರ ಮುಂದೂ ದೀಪ. ಕೊನೆಯದು ಇವರದು.

ಹೂವಿನ ಅಲಂಕಾರ ಮಾಡಿದವನು ಚಿಕ್ಕಬಳ್ಳಾಪುರದ ಹೂವಿನ ಮಾರ್ಕೆಟ್ಟಿನ ಗಂಗರಾಜು. ಎಲ್ಲಾ ಹಳೇ ಫೋಟೋಗಳು, ತೀರಿಕೊಂಡವರ ಕಾರ್ಯಕ್ರಮ, ಹಾರ ಹಾಕಬೇಡ ಎಂದು ಯಾರೂ ಹೇಳಲಿಲ್ಲ ಎಂದು ಅರ್ಧ ತೆಲುಗಿನಲ್ಲಿ ಗೊಣಗಿದ. ಅವನ ಜಾಗದಲ್ಲಿ ನಮ್ಮ ಕಡೆಯವರು ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ಆದರೆ ಆಗ ನನಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತ್ತು. ಹಾರ ಕಿತ್ತೆಸೆಯಲು ಮುಂದೆ ಹೋದೆ, ಪಿನ್ನು ಬಿಗಿದುಕೊಂಡು ಬಿಚ್ಚಲಾಗಲಿಲ್ಲ. ಅಷ್ಟರಲ್ಲಿ ಇವರು ಒಳಗೆ ಬಂದರು. ತಮ್ಮ ಫೋಟೋವನ್ನು ನೋಡಿದರು. ಬೈಯುತ್ತಾರೆ ಅಂದುಕೊಂಡೆ.

"ಇರ್ಲಿ ಬಿಡು. ಇವ್ರ ಜೊತೇಲಿದ್ರೆ ಚೆನ್ನಾಗೇ ಕಾಣ್ತೀನಿ," ಎಂದರು.

ಹರಿತಾ ಓಡಿ ಬಂದು ತೆಗೆಸುತ್ತೇನೆ ಎಂದಳು, ಇವರು ಬೇಡವೆಂದರು. ಜನ ಕೂತಾಗಿತ್ತು. ಇನ್ನು ಯಾರೂ ಓಡಾಡಬಾರದು, ಕೆಮ್ಮಬಾರದು, ಒಂದು ಸಲ ಶುರುವಾದರೆ ನಿಲ್ಲಿಸುವುದಿಲ್ಲ ಎಂದು ಮೈಕಿನ ಹುಡುಗ ಹೇಳಿದ. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಎದುರಿಗೆ ಗಂಡ ನಿಂತಿದ್ದಾರೆ, ಅವರ ಹೆಗಲ ಹಿಂದೆ ಹಾರ ಹಾಕಿದ ಗಂಡ ನಗುತ್ತಿದ್ದಾರೆ. ಯಾವುದನ್ನು ನೋಡಲಿ ಹೇಳಿ.

ಮೊದಲ ಹಾಡುಗಳು ಹೇಗೋ ಕಳೆದವು. ನಾನು ಸಂಗೀತ ಕೇಳಲಿಲ್ಲ, ಉಸಿರು ಕೇಳಿದೆ. ಪ್ರತಿಸಲ ಅವರು ಉಸಿರು ಎಳೆದಾಗ ನನ್ನದು ನಿಲ್ಲುತ್ತಿತ್ತು. ಕತ್ತಿನ ನರ ಉಬ್ಬಿತ್ತು, ತುಟಿ ಕಪ್ಪಿಟ್ಟಿತ್ತು. ಅವರ ಮಾತ್ರೆ ಕಟ್ಟಿದ ಪೊಟ್ಟಣವನ್ನು ಮುಷ್ಟಿಯಲ್ಲಿ ಹಿಡಿದಿದ್ದೆ, ಅದು ಬೆವರಿಗೆ ಒದ್ದೆಯಾಯಿತು. ಪಕ್ಕದಲ್ಲಿ ರಾಧಾಮಣಿ ಕೂತಿದ್ದಳು. ಅವಳ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ.

ಕೊನೆಯದು ಹಳೆಯ ತಂಡದ್ದೇ ಹಾಡು. ನಾಲ್ವರೂ ಸೇರಿ ಕಟ್ಟಿದ್ದು, ನಾಲ್ವರಿಗೂ ಅದರಲ್ಲಿ ಸರದಿ. ಹೋದವರ ಸರದಿಯನ್ನು ಬೇರೆ ಯಾರೂ ನುಡಿಸಕೂಡದು, ಅಷ್ಟು ಜಾಗ ಖಾಲಿ ಬಿಡಬೇಕು ಎಂದು ಯಜಮಾನರು ಮೊದಲೇ ಕಟ್ಟಪ್ಪಣೆ ಮಾಡಿದ್ದರು. ಹರಿತಾ ಜನರಿಗೂ ಅದನ್ನು ತಿಳಿಸಿದಳು. ಆವುಲಪ್ಪನ ಸರದಿ ಬಂತು. ತಾಳ ಮಾತ್ರ ಮೆಲ್ಲಗೆ ನಡೆಯಿತು, ಆಚೆ ಹಿಪ್ಪುನೇರಳೆ ತೋಟದಲ್ಲಿ ಕುರಿ ಅರಚಿದ್ದು ಕೇಳಿಸಿತು. ಮುನಿಗಂಗಪ್ಪನ ಸರದಿಗೆ ಹರಿತಾ ಕೋಲುಗಳನ್ನು ತೊಡೆಯ ಮೇಲಿಟ್ಟು ತಲೆ ತಗ್ಗಿಸಿದಳು. ಮಧುಸೂದನ್ ಸರದಿಯಲ್ಲಿ ಪಿಯಾನೋ ಹುಡುಗ ಕೈ ಕಟ್ಟಿ ಕೂತ. ರಾಧಾಮಣಿ ಸೆರಗು ಬಾಯಿಗೆ ಒತ್ತಿಕೊಂಡಳು.

ಆಮೇಲೆ ಇವರ ಸರದಿ. ಮೈಕಿನ ಮುಂದೆ ಬಂದರು, ವಾದ್ಯ ತುಟಿಗೆ ಇಟ್ಟರು, ಕಣ್ಣು ಮುಚ್ಚಿದರು. ಊದಲಿಲ್ಲ.

ಈಗ ಊದುತ್ತಾರೆ, ಈಗ ಊದುತ್ತಾರೆ ಎಂದು ನಾನು ಕಾದೆ. ವಾದ್ಯ ನಿಧಾನವಾಗಿ ಕೆಳಗಿಳಿಯಿತು. ಅವರು ಅಲುಗಲಿಲ್ಲ. ತಾಳ ನಡೆಯುತ್ತಲೇ ಇತ್ತು. ಜನ ತಲೆ ತಗ್ಗಿಸಿಕೊಂಡು ಕೂತಿದ್ದರು. ಇದೂ ಖಾಲಿ ಬಿಟ್ಟ ಸರದಿಯೇ ಅಂದುಕೊಂಡರೋ ಏನೋ! ಖಾಲಿ ಸರದಿ ಎಂದರೆ ಏನೆಂದು ಆಗಲೇ ಮೂರು ಸಲ ನೋಡಿದ್ದೆನಲ್ಲ, ನನಗೆ ಹೊಳೆದುಬಿಟ್ಟಿತು. ಈ ಮನುಷ್ಯ ತನ್ನನ್ನೂ ಹೋದವರ ಲೆಕ್ಕಕ್ಕೆ ಸೇರಿಸಿಕೊಂಡಿದ್ದಾರೆ. ಇನ್ನು ಆಪರೇಷನ್ನೂ ಇಲ್ಲ, ಮಾತುಕತೆಯೂ ಇಲ್ಲ. ನನ್ನ ಕಣ್ಣೆದುರಿಗೇ, ನಿಂತ ನಿಲುವಿನಲ್ಲೇ ನನ್ನನ್ನು ಬಿಟ್ಟು ಹೋಗುತ್ತಿದ್ದಾರೆ. ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ.

"ಮುದ್ದಪ್ಪಾ!"

ಅದು ನನ್ನದೇ ಗಂಟಲು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹಿಡಿಯುವುದಿಲ್ಲ, ಹಿಡಿದರೆ ಅವನ ಆಯಸ್ಸು ಕಮ್ಮಿ ಎಂದು ಹೇಳಿಕೊಟ್ಟೇ ನನ್ನನ್ನು ಧಾರೆ ಎರೆದಿದ್ದರು. ರೇಷನ್ ಅಂಗಡಿಯಲ್ಲೂ, ಬ್ಯಾಂಕಿನಲ್ಲೂ ಪಕ್ಕದವರ ಕೈಲಿ ಹೇಳಿಸಿದವಳು ನಾನು. ಉಳಿದಿದ್ದ ಚೂರು ಆಯಸ್ಸನ್ನೂ ನಾನೇ ಕಿತ್ತುಕೊಂಡೆನೇನೋ ಅನ್ನಿಸಿತು. ಕೂತವರೆಲ್ಲ ತಿರುಗಿ ನೋಡಿದರು. ಮೈಕಿನ ಹುಡುಗ ತಲೆ ಮೇಲೆ ಕೈಹೊತ್ತ.

ಅವರು ಕಣ್ಣು ಬಿಟ್ಟರು. ಸಂತೆಯಲ್ಲಿ ತಪ್ಪಿಸಿಕೊಂಡ ಮಗುವಿನ ಹಾಗೆ ಅತ್ತಿತ್ತ ಹುಡುಕಿ, ನನ್ನನ್ನು ಕಂಡರು.

"ಇದೀನಿ," ಎಂದರು. "ಇಲ್ಲೇ ಇದೀನಿ ಕಣೇ."

ವಾದ್ಯ ಎತ್ತಿ, ಉಳಿದಿದ್ದಷ್ಟು ಜಾಗದಲ್ಲಿ ಊದಿದರು. ಚೆನ್ನಾಗಿರಲಿಲ್ಲ. ಉಸಿರು ತುಂಡಾಗುತ್ತಿತ್ತು, ಸ್ವರಗಳು ಒಡೆಯುತ್ತಿದ್ದವು. ಆದರೂ ಸರದಿ ಮುಗಿಯುವ ತನಕ ಬಿಡಲಿಲ್ಲ. ಹರಿತಾ ಅಳುತ್ತಲೇ ತಾಳ ಮುಗಿಸಿದಳು.

ಆಮೇಲೆ ಇಬ್ಬರೂ ಹುಳುಮನೆಯ ಹೊರಗೆ ಜಗಲಿಯ ಮೇಲೆ ಕೂತೆವು. ಹರಿತಾ ಬಂದು, ಅಮ್ಮನ ಕೂಗು ರೆಕಾರ್ಡಾಗಿದೆ, ತೆಗೆಯಬೇಕಾ ಮಾಸ್ಟ್ರೇ ಎಂದು ಮೆಲ್ಲಗೆ ಕೇಳಿದಳು. ನಾಚಿಕೆಯಿಂದ ನಾನು ಭೂಮಿಗಿಳಿದು ಹೋದೆ. ಇವರು, ಲೈವ್ ಅಂದ ಮೇಲೆ ಲೈವು, ಇರಲಿ ಎಂದು ಅವಳನ್ನು ಕಳಿಸಿದರು. ಅವಳು ಅತ್ತ ಹೋಗುತ್ತಲೂ ನನ್ನ ಸಿಟ್ಟು ಒಡೆಯಿತು. ಇದ್ದಕ್ಕಿದ್ದಂತೆ ನನ್ನನ್ನು ಬಿಟ್ಟು ಹೋದವರ ಜೊತೆ ಸೇರಿಕೊಳ್ಳಲು ನಿಮಗೆ ಮನಸ್ಸಾದರೂ ಹೇಗೆ ಬಂತು ಎಂದು ಬಾಯಿಗೆ ಬಂದಂತೆ ಬೈದೆ.

ಬೈಸಿಕೊಂಡರು. ಆಮೇಲೆ ನನ್ನ ಕೈ ಹಿಡಿದರು.

"ಬೇಕೂಂತ ಬಿಡ್ಲಿಲ್ಲ ಕಣೇ. ಊದಣ ಅಂತಾನೇ ನಿಂತೆ. ಉಸಿರೆಳ್ಕೊಳ್ಳಕ್ಕೇ ಭಯ ಆಗೋಯ್ತು. ಮಧು ನಗ್ತಾ ಒಳಗ್ಹೋದ, ನಾನು ಆಚೆ ಕೂತಿದ್ದೆ. ಆವತ್ತಿಂದ್ಲೂ ಭಯ ನಂಗೆ."

ಇಷ್ಟು ದಿನದ ಜೋಕು, ನೋಡೋಣ, ಬಿಡು, ಇವೆಲ್ಲ ಏನೆಂದು ನನಗೆ ಆಗ ತಿಳಿಯಿತು. ಸಾಯಲು ತಯಾರಾದ ಮನುಷ್ಯ ಎಂದುಕೊಂಡು ನಾನು ಹೆದರಿದ್ದೆ. ಇವರು ನನಗಿಂತ ಹೆಚ್ಚು ಹೆದರಿ, ಹೇಳಲು ಬಾಯಿ ಬರದೆ ಒಬ್ಬರೇ ಒದ್ದಾಡುತ್ತಿದ್ದರು. ನನಗೆ ಅಳು ತಡೆಯಲಾಗಲಿಲ್ಲ. ನನಗೂ ಭಯ ಎಂದೆ. ಭಯ ಇಟ್ಟುಕೊಂಡೇ ಹೋಗೋಣ, ಸೋಮವಾರವೇ ಆಸ್ಪತ್ರೆಗೆ ಸೇರೋಣ ಎಂದೆ.

ಬೆಟ್ಟದ ಕಡೆ ಒಮ್ಮೆ ನೋಡಿದರು. ಆಮೇಲೆ ತಲೆಯಾಡಿಸಿದರು.

"ಹೋಗಣ. ಆದ್ರೆ ಅವ್ರು ನನ್ನ ಒಳಗೆ ಕರ್ಕೊಂಡ್ ಹೋದ್ಮೇಲೆ ನೀನು ಆಚೆ ಸುಮ್ನೆ ಕೂತ್ಕೋಬೇಡ. ಈಗ ಕರೆದ್ಯಲ್ಲ, ಹಂಗೇ ಕರಿ. ಜೋರಾಗಿ ಕರಿ."

ಆಸ್ಪತ್ರೆಯಲ್ಲಿ ಹಾಗೆಲ್ಲ ಕೂಗಲು ಬಿಡುತ್ತಾರೆಯೇ ಎಂದು ನಾನು ಕೇಳಲಿಲ್ಲ. ಅವರ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಕರೀತೀನಿ ಎಂದೆ.